ಸಹಿ ಹಾಕದವನ ನೀರು

1905ರಲ್ಲಿ ಫ್ರೆಡ್ ಈಟನ್ ಎಂಬಾತ ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ ಜಮೀನು ಕೊಳ್ಳತೊಡಗಿದ. ಯಾರನ್ನೂ ಹೆದರಿಸಲಿಲ್ಲ, ಯಾರ ಹೆಬ್ಬೆಟ್ಟನ್ನೂ ಮೋಸದಿಂದ ಒತ್ತಿಸಿಕೊಳ್ಳಲಿಲ್ಲ. ಬೆಲೆ ಚೆನ್ನಾಗಿಯೇ ಕೊಟ್ಟ. ಟಾಮಸ್ ರಿಕಿ ಎಂಬ ದೊಡ್ಡ ಜಮೀನುದಾರನ ರ‍್ಯಾಂಚ್ ಒಂದಕ್ಕೇ 4.5 ಲಕ್ಷ ಡಾಲರಿನ ಕರಾರಾಯಿತು. ಮಾರಿದವರು ಸಂತೋಷದಿಂದ ರುಜು ಹಾಕಿದರು, ಪತ್ರಗಳು ಕಾನೂನಿನ ಪ್ರಕಾರ ನೋಂದಣಿಯಾದವು. ಹೀಗಿದ್ದೂ ಆ ವ್ಯವಹಾರದ ಜಗಳ ನೂರಿಪ್ಪತ್ತು ವರ್ಷವಾದರೂ ಮುಗಿದಿಲ್ಲ. ಕಾನೂನಿಗೆ ಸರಿಹೊಂದಿದ ಒಂದು ಕ್ರಯ ನೀತಿಗೆ ಎಲ್ಲಿ ತಪ್ಪುತ್ತದೆ ಎಂದು ತಿಳಿಯಬೇಕಾದವರು ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ನೀರಿಗಾಗಿ ಜಮೀನು ನೋಡುವವರ ಕಾರುಗಳು ನಮ್ಮ ಹಳ್ಳಿಗಳ ಕಡೆಗೂ ಬರತೊಡಗಿರುವ ಈ ಕಾಲದಲ್ಲಿ ಇದು ದೂರದ ಕಥೆಯೇನಲ್ಲ.

ಮೊದಲು ಜಾಗದ ಪರಿಚಯ. ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವಕ್ಕೆ ಓವೆನ್ಸ್ ಕಣಿವೆ ಇದೆ. ಪರ್ವತ ಮೋಡಗಳನ್ನು ತಡೆಯುವುದರಿಂದ ಕಣಿವೆಯಲ್ಲಿ ಮಳೆ ತೀರಾ ಕಡಿಮೆ. ಆದರೆ ಪರ್ವತದ ಮೇಲಿನ ಹಿಮ ಕರಗಿ ಹತ್ತಾರು ತೊರೆಗಳಾಗಿ ಇಳಿದು ಓವೆನ್ಸ್ ನದಿ ಸೇರುತ್ತದೆ. ಈ ನದಿ ಸಮುದ್ರಕ್ಕೆ ಹೋಗುವುದಿಲ್ಲ. ಕಣಿವೆಯ ತಳದ ಓವೆನ್ಸ್ ಸರೋವರದಲ್ಲಿ, ಸುಮಾರು 110 ಚದರ ಮೈಲಿಯ ಉಪ್ಪುನೀರಿನಲ್ಲಿ, ಅದರ ಪಯಣ ಮುಗಿಯುತ್ತಿತ್ತು. ಬಿಷಪ್, ಬಿಗ್ ಪೈನ್, ಇಂಡಿಪೆಂಡೆನ್ಸ್, ಲೋನ್ ಪೈನ್ ಎಂಬ ಸಣ್ಣ ಊರುಗಳ ಸುತ್ತ ರೈತರು ಕಾಲುವೆ ತೋಡಿಕೊಂಡು ಕುದುರೆಮೆಂತೆ, ಸೇಬು, ಪೇರ್ ಬೆಳೆದು ದನ ಸಾಕಿಕೊಂಡಿದ್ದರು. ದಕ್ಷಿಣದಲ್ಲಿ ಇನ್ನೂರು ಮೈಲಿಗೂ ದೂರ ಲಾಸ್ ಏಂಜಲೀಸ್. 1900ರಲ್ಲಿ ಅಲ್ಲಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು, 1910ಕ್ಕೆ ಮೂರು ಲಕ್ಷ ದಾಟಿತ್ತು. ಬೇಸಿಗೆಯಲ್ಲಿ ಸೊರಗುವ ಒಂದು ಸಣ್ಣ ನದಿಯನ್ನು ನಂಬಿ ಅಷ್ಟು ದೊಡ್ಡ ಊರು ಬದುಕುವಂತಿರಲಿಲ್ಲ. ನಗರದ ಬಾಯಾರಿಕೆ ನಿಜವಾದದ್ದೇ ಆಗಿತ್ತು, ಇದನ್ನು ಮರೆತು ತೀರ್ಪು ಕೊಡಬಾರದು.

ಆ ಹೊತ್ತಿಗೆ ಕಣಿವೆಯ ರೈತರು ಬೇರೊಂದು ಆಸೆಯಲ್ಲಿದ್ದರು. ಒಣನಾಡುಗಳಿಗೆ ನೀರಾವರಿ ಒದಗಿಸಲೆಂದು ಅಮೆರಿಕದ ಕೇಂದ್ರ ಸರ್ಕಾರ 1902ರಲ್ಲಿ ಕಾಯ್ದೆ ಮಾಡಿ ರಿಕ್ಲಮೇಷನ್ ಸರ್ವಿಸ್ ಎಂಬ ಇಲಾಖೆ ತೆರೆದಿತ್ತು. ಮರುವರ್ಷವೇ ಅದರ ಎಂಜಿನಿಯರುಗಳು ಕಣಿವೆಗೆ ಬಂದು ನದಿಯ ಹರಿವು ಅಳೆದರು, ನೀರು ನಿಲ್ಲಿಸಲು ಜಾಗ ನೋಡಿದರು. ಅಣೆಕಟ್ಟು ಬರುತ್ತದೆ, ಬೀಳುಭೂಮಿಗೂ ನೀರು ಹರಿಯುತ್ತದೆ ಎಂದು ಜನ ನಂಬಿದರು. ಇಲಾಖೆಯ ಕ್ಯಾಲಿಫೋರ್ನಿಯಾ ಮೇಲುಸ್ತುವಾರಿ ಎಂಜಿನಿಯರ್ ಜೋಸೆಫ್ ಲಿಪಿನ್‌ಕಾಟ್. ಈತ ಸರ್ಕಾರದ ಸಂಬಳ ಪಡೆಯುತ್ತಲೇ ಲಾಸ್ ಏಂಜಲೀಸ್ ನಗರಕ್ಕೂ ಸಲಹೆಗಾರನಾಗಿ ಸಂಭಾವನೆ ಪಡೆದ. ಈಟನ್‌ಗೆ ಸ್ನೇಹಿತನೂ ಆಗಿದ್ದ. ಆ ನಗರದ ಮಾಜಿ ಮೇಯರ್ ಆಗಿದ್ದ ಈಟನ್ ಜಮೀನು ನೋಡುತ್ತ ತಿರುಗಾಡುವಾಗ, ಇವನು ಇಲಾಖೆಯ ಕಡೆಯವನೇ ಇರಬೇಕು ಎಂದುಕೊಂಡವರು ಬಹಳ. ಅದು ತಪ್ಪು ತಿಳಿವಳಿಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. 1905ರ ಜುಲೈ 29ರಂದು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ನಗರಕ್ಕೊಂದು ನದಿ ಬರಲಿದೆ ಎಂದು ದೊಡ್ಡದಾಗಿ ಪ್ರಕಟಿಸಿದಾಗಲೇ, ತಾವು ಮಾರಿದ್ದು ಹುಲ್ಲುಗಾವಲನ್ನಲ್ಲ, ನದಿಯನ್ನು ಎಂಬುದು ಕಣಿವೆಯವರಿಗೆ ಗೊತ್ತಾಯಿತು.

ಮುಂದಿನದು ಬೇಗ ನಡೆಯಿತು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ತೀರ್ಮಾನ ನಗರದ ಪರವಾಗಿ ಬಂತು. ಆ ನೀರು ಕಣಿವೆಯ ಕೆಲವರ ಬಳಿ ಇರುವುದಕ್ಕಿಂತ ನಗರದ ಬಹುಜನರಿಗೆ ಸಿಕ್ಕರೆ ನಾಡಿಗೆ ಎಷ್ಟೋ ಪಾಲು ಹೆಚ್ಚು ಲಾಭ ಎಂಬುದು ಅದರ ತಾತ್ಪರ್ಯ. ಕೇಂದ್ರದ ನೀರಾವರಿ ಯೋಜನೆ ಕೈಬಿಟ್ಟುಹೋಯಿತು. ನಗರದ ಮತದಾರರು 1907ರಲ್ಲಿ 2.3 ಕೋಟಿ ಡಾಲರ್ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ಮುಖ್ಯ ಎಂಜಿನಿಯರ್ ವಿಲಿಯಂ ಮಲ್‌ಹಾಲೆಂಡ್ ಐರ್ಲೆಂಡಿನಿಂದ ಬಂದು, ಲಾಸ್ ಏಂಜಲೀಸಿನ ಕಾಲುವೆ ಕಸ ತೆಗೆದು ನೀರು ಬಿಡುವ ಕೆಲಸದಿಂದ, ಅಂದರೆ ನಮ್ಮ ನೀರಗಂಟಿಯ ಕೆಲಸದಿಂದ, ಮೇಲೆ ಬಂದವನು. ಒಂದೂ ಪಂಪು ಇಲ್ಲದೆ ಬರೀ ಇಳಿಜಾರಿನ ಬಲದಲ್ಲಿ 233 ಮೈಲಿ ನೀರು ಹರಿಸುವ ಕಾಲುವೆಯನ್ನು ಅವನು ಕಟ್ಟಿದ. 1913ರ ನವೆಂಬರ್ 5ರಂದು ನೀರು ಧುಮ್ಮಿಕ್ಕಿದಾಗ ಅವನು ಆಡಿದ ಮಾತು ಇಷ್ಟೇ: "ಇಗೋ ನೀರು, ತಗೊಳ್ಳಿ." ಆ ನೀರಿನಲ್ಲಿ ಮೊದಲು ಕೊಬ್ಬಿದ್ದು ಸ್ಯಾನ್ ಫರ್ನಾಂಡೊ ಎಂಬ ಒಣಬಯಲು. ಅಲ್ಲಿ 'ಟೈಮ್ಸ್' ಪತ್ರಿಕೆಯ ಮಾಲೀಕ ಹ್ಯಾರಿಸನ್ ಗ್ರೇ ಓಟಿಸ್, ರೈಲು ಉದ್ಯಮಿ ಹೆನ್ರಿ ಹಂಟಿಂಗ್ಟನ್ ಮೊದಲಾದವರ ಕೂಟ ಮುಂಚೆಯೇ ಸಾವಿರಾರು ಎಕರೆ ಕೊಂಡಿಟ್ಟುಕೊಂಡಿತ್ತು. 1915ರಲ್ಲಿ ಆ ಬಯಲು ನಗರಕ್ಕೆ ಸೇರಿತು.

ಇಷ್ಟಾದರೂ ಕಣಿವೆಯ ಬೇಸಾಯ ತಕ್ಷಣ ಸಾಯಲಿಲ್ಲ. ನಗರದ ಕಾಲುವೆ ನದಿಯನ್ನು ಹಿಡಿದದ್ದು ಕೆಳಭಾಗದಲ್ಲಿ. ಮೇಲಿನ ಬಿಷಪ್ ಕಡೆಯ ರೈತರು ಹತ್ತು ವರ್ಷ ಎಂದಿನಂತೆ ಬೆಳೆದರು. 1920ರ ದಶಕದ ಆರಂಭದಲ್ಲಿ ಬರ ಬಿತ್ತು, ನಗರದ ಜನಸಂಖ್ಯೆ ಐದೂವರೆ ಲಕ್ಷ ಮೀರಿತ್ತು. ಆಗ ನಗರದ ಏಜೆಂಟರು ಮೇಲಿನ ಕಾಲುವೆಗಳ ಮೇಲೆ ಕಣ್ಣಿಟ್ಟು ಮತ್ತೆ ಬಂದರು. ಪ್ರಕರಣದ ತಿರುಳು ಇರುವುದು ಇಲ್ಲಿ.

ಒಂದು ಕಾಲುವೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ. ಹತ್ತಾರು ರೈತರು ಸೇರಿ ತೋಡಿದ ಕಾಲುವೆ. ಪ್ರತಿಯೊಬ್ಬನಿಗೆ ಪಾಲು, ಪಾಲಿಗೆ ತಕ್ಕ ನೀರು. ವರ್ಷಕ್ಕೊಮ್ಮೆ ಹೂಳು ತೆಗೆಯಲು, ಏರಿ ಕಟ್ಟಲು ಪಾಲಿಗೆ ತಕ್ಕ ಖರ್ಚು. ಮಣ್ಣಿನ ಕಾಲುವೆ ಹರಿಯುವಾಗಲೇ ಒಂದಿಷ್ಟು ನೀರು ಕುಡಿಯುತ್ತದೆ. ಕಾಲುವೆ ತುಂಬಿ ಹರಿದರೆ ಆ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ಜನ ತಮ್ಮ ಪಾಲು ಮಾರಿದರೆ ಉಳಿದರ್ಧ ನೀರನ್ನು ಕಾಲುವೆಯೇ ಕುಡಿದುಬಿಡುತ್ತದೆ, ಕೊನೇ ಭಾಗದವನ ಗದ್ದೆಗೆ ಮುಟ್ಟುವುದಿಲ್ಲ. ಹೂಳೆತ್ತುವ ಖರ್ಚು ಮಾತ್ರ ಉಳಿದವರ ತಲೆಯ ಮೇಲೆ ದುಪ್ಪಟ್ಟಾಗಿ ಬೀಳುತ್ತದೆ. ಕೆರೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗರದ ಏಜೆಂಟರಿಗೂ ಇದು ಗೊತ್ತಿತ್ತು. 1923ರಲ್ಲಿ ಮೆಕ್‌ನ್ಯಾಲಿ ಕಾಲುವೆಯ ಪಾಲುಗಳನ್ನು ಕೊಂಡರು. ಇತರ ಕಾಲುವೆಗಳಲ್ಲಿ ಒಂದು ಹೊಲ ಕೊಂಡು, ಪಕ್ಕದ್ದು ಬಿಟ್ಟು, ಅದರಾಚೆಯದನ್ನು ಕೊಂಡರು. ಚದುರಂಗದ ಮಣೆಯ ಹಾಗೆ ಕಪ್ಪು ಬಿಳಿ ಮನೆಗಳು ಎದ್ದುಕಂಡವು. ಬಿಟ್ಟುಹೋದ ಹೊಲದವನು ತಾನಾಗಿಯೇ ಬಂದು ಕೊಂಡುಕೊಳ್ಳಿ ಎನ್ನುವ ಸ್ಥಿತಿ ಬಂತು, ಆಗ ಬೆಲೆ ಅವನ ಕೈಯಲ್ಲಿರಲಿಲ್ಲ. ಮನೆಗಳೂ ಒಡೆದವು. ಬಿಷಪ್ಪಿನ ಬ್ಯಾಂಕ್ ಮಾಲೀಕರಾದ ವಿಲ್ಫ್ರೆಡ್ ಮತ್ತು ಮಾರ್ಕ್ ವಾಟರ್‌ಸನ್ ಸೋದರರು ಮಾರಬೇಡಿ ಎಂದು ರೈತರನ್ನು ಕಟ್ಟಿದರೆ, ಅವರ ಚಿಕ್ಕಪ್ಪ ಜಾರ್ಜ್ ವಾಟರ್‌ಸನ್ ನಗರದ ಪರ ನಿಂತು ಪಾಲು ಕೊಡಿಸಿದ.

1924ರ ಮೇ ತಿಂಗಳಲ್ಲಿ ಯಾರೋ ನಗರದ ಕಾಲುವೆಗೆ ಡೈನಮೈಟ್ ಇಟ್ಟರು. ನವೆಂಬರ್ 16ರಂದು ಮಾರ್ಕ್ ವಾಟರ್‌ಸನ್ ಮುಂದಾಳ್ತನದಲ್ಲಿ ಜನ ಲೋನ್ ಪೈನ್ ಬಳಿಯ ಅಲಬಾಮಾ ಗೇಟ್ಸ್ ಎಂಬ ತೂಬನ್ನು ಹಿಡಿದು, ನಗರಕ್ಕೆ ಹೋಗುವ ನೀರನ್ನು ಹಳೆಯ ನದಿಪಾತ್ರಕ್ಕೆ ತಿರುಗಿಸಿದರು. ಹೆಂಗಸರು ಮಕ್ಕಳು ಅಡುಗೆ ಹೊತ್ತು ಬಂದರು. ನಾಲ್ಕು ದಿನ ಅಲ್ಲೊಂದು ಜಾತ್ರೆಯೇ ನೆರೆಯಿತು. ಶೆರೀಫ್ ಯಾರನ್ನೂ ಬಂಧಿಸಲಿಲ್ಲ. ಆದರೆ 1927ರ ಆಗಸ್ಟಿನಲ್ಲಿ ವಾಟರ್‌ಸನ್ನರ ಬ್ಯಾಂಕೇ ಮುಚ್ಚಿತು. ಲೆಕ್ಕದಲ್ಲಿ ಗೋಲ್‌ಮಾಲ್ ಸಾಬೀತಾಗಿ ಸೋದರರಿಬ್ಬರೂ ಜೈಲಿಗೆ ಹೋದರು. ಹೋರಾಟಕ್ಕೆ ನಿಂತ ರೈತರ ಉಳಿತಾಯವೆಲ್ಲ ಆ ಬ್ಯಾಂಕಿನಲ್ಲೇ ಇತ್ತು. 1933ರ ಹೊತ್ತಿಗೆ ಕಣಿವೆಯ ಬೇಸಾಯದ ಜಮೀನಿನಲ್ಲಿ ಶೇ 95ರಷ್ಟು, ಊರೊಳಗಿನ ಆಸ್ತಿಯಲ್ಲಿ ಶೇ 85ರಷ್ಟು ನಗರದ ಹೆಸರಿಗೆ ಬಂದಿತ್ತು. ಈಟನ್‌ನ ಗತಿಯೂ ಒಳ್ಳೆಯದಾಗಲಿಲ್ಲ. ಅಣೆಕಟ್ಟಿಗೆ ಹೇಳಿ ಮಾಡಿಸಿದಂತಿದ್ದ ಲಾಂಗ್ ವ್ಯಾಲಿಯನ್ನು ತನ್ನ ಹೆಸರಿನಲ್ಲಿಟ್ಟುಕೊಂಡು ನಗರಕ್ಕೆ ಹತ್ತು ಲಕ್ಷ ಡಾಲರ್ ಬೆಲೆ ಹೇಳಿದ್ದ. ಗೆಳೆಯ ಮಲ್‌ಹಾಲೆಂಡ್ ಒಪ್ಪಲಿಲ್ಲ, ಇಬ್ಬರಿಗೂ ಮಾತು ನಿಂತಿತು. ಬ್ಯಾಂಕ್ ಮುಳುಗಿದ ಮೇಲೆ ಆ ಜಮೀನೂ ಈಟನ್‌ನ ಕೈತಪ್ಪಿತು.

ಈಗ ಕಟಕಟೆಗೆ ಒಬ್ಬೊಬ್ಬರನ್ನೇ ಕರೆಯೋಣ. 1974ರ 'ಚೈನಾಟೌನ್' ಎಂಬ ಹಾಲಿವುಡ್ ಚಿತ್ರ ಇದೇ ಕಥೆಯ ನೆರಳನ್ನು ಹಿಡಿದು ಒಬ್ಬ ಖಳನಾಯಕನನ್ನು ಕಟ್ಟಿಕೊಟ್ಟಿತು. ನಿಜದ ಪ್ರಕರಣದಲ್ಲಿ ಅಷ್ಟು ಸುಲಭವಾಗಿ ಖಳ ಸಿಗುವುದಿಲ್ಲ.

ಮಾರಿದ ರೈತ ತಪ್ಪು ಮಾಡಿದನೆ? ಅವನಿಗೆ ವಯಸ್ಸಾಗಿತ್ತು, ಸಾಲವಿತ್ತು, ಮಕ್ಕಳು ಪಟ್ಟಣ ಸೇರಿದ್ದರು. ಬೇಸಾಯದಿಂದ ಬರುವುದಕ್ಕಿಂತ ಹೆಚ್ಚು ಹಣ ಕಣ್ಣಮುಂದೆ ಬಂದಾಗ ಬೇಡ ಎನ್ನಲು ಅವನಿಗೆ ಯಾರು ಹೇಳಬೇಕು? ಅರ್ಥಶಾಸ್ತ್ರಜ್ಞ ಗ್ಯಾರಿ ಲೈಬ್‌ಕ್ಯಾಪ್ 2007ರ ತಮ್ಮ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಮಾರಿದವರು ಬೇಸಾಯ ಮುಂದುವರಿಸಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚನ್ನೇ ಪಡೆದರು. ಆದರೆ ವ್ಯವಹಾರದ ಲಾಭದ ಬಹುಪಾಲು ಹೋದದ್ದು ನಗರಕ್ಕೆ. ಅಂತೂ ಮಾರಿದವನು ಬೀದಿಗೆ ಬಿದ್ದ ಎಂಬ ಮಾತು ಸುಳ್ಳು.

ಹಾಗಾದರೆ ಬೀದಿಗೆ ಬಿದ್ದವರು ಯಾರು? ಮಾರದೆ ಉಳಿದ ಕೊನೇ ಭಾಗದವನು. ರೈತರಿಗೆ ನೇಗಿಲು, ಬಟ್ಟೆ, ಸಕ್ಕರೆ ಮಾರುತ್ತಿದ್ದ ಅಂಗಡಿಯವನು. ಹಣ್ಣು ಕೀಳುತ್ತಿದ್ದ ಕೂಲಿಯವನು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಮಾಸ್ತರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದಂತಿದೆ. ಇವರು ಏನನ್ನೂ ಮಾರಿರಲಿಲ್ಲ, ಆದ್ದರಿಂದ ಇವರಿಗೆ ಬೆಲೆ ಕಟ್ಟುವ ಪ್ರಶ್ನೆಯೂ ಬರಲಿಲ್ಲ. ಊರಿನವರು ಪರಿಹಾರ ಕೇಳಿದಾಗ, ನಾವು ಕೊಂಡದ್ದು ಜಮೀನು ಮತ್ತು ನೀರು, ನಿಮ್ಮ ಅಂಗಡಿಯ ವ್ಯಾಪಾರಕ್ಕೆ ನಾವು ಹೊಣೆಯಲ್ಲ ಎಂಬುದೇ ನಗರದ ನಿಲುವಾಗಿತ್ತು. ಕಾನೂನಿನ ಮಾತಾಗಿ ಅದರಲ್ಲಿ ದೋಷ ಹುಡುಕುವುದು ಕಷ್ಟ. ನೀತಿಯ ದೋಷ ಇರುವುದು ಅಲ್ಲೇ. ನೀರಿನ ಕ್ರಯದಲ್ಲಿ ರುಜು ಹಾಕುವವರು ಇಬ್ಬರು, ಬೆಲೆ ತೆರುವವರು ಇಪ್ಪತ್ತು ಜನ.

ಇಲ್ಲಿಯವರೆಗೆ ಹೇಳಿದ್ದು ಹರಿಯುವ ನೀರಿನ ಮಾತು. ಕಣ್ಣಿಗೆ ಕಾಣುವ ನೀರಿಗೆ ತೂಬು ಇಡಬಹುದು, ಅಳೆಯಬಹುದು, ಹೋದರೆ ಹೋಯಿತು ಎಂದು ಗೊತ್ತಾಗುತ್ತದೆ. 1970ರಲ್ಲಿ ಲಾಸ್ ಏಂಜಲೀಸ್ ಎರಡನೆಯ ಕಾಲುವೆ ಕಟ್ಟಿದಾಗ ಪ್ರಕರಣ ನೆಲದಡಿಗೆ ಇಳಿಯಿತು. ಆ ಕಾಲುವೆ ತುಂಬಿಸಲು ನದಿಯ ನೀರು ಸಾಲಲಿಲ್ಲ. ತಾನೇ ಒಡೆಯನಾದ ಜಮೀನಿನಲ್ಲಿ ನಗರ ಕೊಳವೆಬಾವಿಗಳ ಪಂಪುಗಳನ್ನು ಜೋರಾಗಿ ಓಡಿಸಿತು. ಕೆಲವೇ ವರ್ಷಗಳಲ್ಲಿ ಫಿಶ್ ಸ್ಪ್ರಿಂಗ್ಸ್, ಬ್ಲ್ಯಾಕ್‌ರಾಕ್ ಸ್ಪ್ರಿಂಗ್ಸ್ ಎಂಬ ಹಳೆಯ ಒರತೆಗಳು ನಿಂತವು. ಕಣಿವೆಯ ಹುಲ್ಲುಗಾವಲು ಮಳೆಯನ್ನು ನೆಚ್ಚಿದ್ದಲ್ಲ. ಅಲ್ಲಿನ ಉಪ್ಪುಹುಲ್ಲಿನ ಬೇರು ಕೆಲವೇ ಅಡಿ ಕೆಳಗಿನ ಅಂತರ್ಜಲವನ್ನು ಮುಟ್ಟಿಕೊಂಡು ಬದುಕುತ್ತದೆ. ನೀರಿನ ಮಟ್ಟ ಬೇರಿಗೆ ಎಟುಕದಷ್ಟು ಕೆಳಗಿಳಿದರೆ ಹುಲ್ಲು ಹೋಗಿ ಕುರುಚಲು ಬರುತ್ತದೆ, ಕುರುಚಲೂ ಹೋದರೆ ಬರೀ ದೂಳು. ಇದು ಒಂದೇ ದಿನ ಆಗುವುದಲ್ಲ, ಆದ್ದರಿಂದ ಯಾವ ಪಂಪು ಯಾವ ಹುಲ್ಲನ್ನು ಕೊಂದಿತು ಎಂದು ಬೊಟ್ಟು ಮಾಡುವುದೂ ಸುಲಭವಲ್ಲ.

ಕಣಿವೆ ಸೇರಿರುವ ಇನ್ಯೋ ಕೌಂಟಿ 1972ರಲ್ಲಿ ನಗರದ ಮೇಲೆ ದಾವೆ ಹೂಡಿತು. ಸುಮಾರು ಇಪ್ಪತ್ತು ವರ್ಷದ ಹಗ್ಗಜಗ್ಗಾಟದ ನಂತರ 1991ರಲ್ಲಿ ಒಪ್ಪಂದವಾಯಿತು. ಅದರಲ್ಲೊಂದು ಗಮನಿಸಬೇಕಾದ ನಿಯಮವಿದೆ. ಕಣಿವೆಯ ಅಲ್ಲಲ್ಲಿ ಗುರುತಿಸಿದ ಜಾಗಗಳಲ್ಲಿ ಮಣ್ಣಿನ ತೇವವನ್ನು ಅಳೆಯುತ್ತಾರೆ. ಅಲ್ಲಿನ ಗಿಡಗಳಿಗೆ ಬೇಕಾದಷ್ಟು ತೇವ ಇಲ್ಲದಿದ್ದರೆ ಅದಕ್ಕೆ ಸೇರಿದ ಕೊಳವೆಬಾವಿಗಳನ್ನು ನಿಲ್ಲಿಸಬೇಕು. ಹುಲ್ಲಿಗೆ ಇಷ್ಟು ಕೊನೆಗೂ ಸಿಕ್ಕಿತು, ಅದೂ ಕ್ರಯಪತ್ರಗಳಾಗಿ ಎಂಬತ್ತು ವರ್ಷದ ಮೇಲೆ. ಅತ್ತ ಓವೆನ್ಸ್ ಸರೋವರ 1920ರ ದಶಕದಲ್ಲೇ ಬತ್ತಿ, ಅಮೆರಿಕದಲ್ಲೇ ಅತಿ ದೊಡ್ಡ ದೂಳಿನ ತಾಣ ಎಂಬ ಕುಖ್ಯಾತಿ ಪಡೆಯಿತು. ಆ ದೂಳನ್ನು ಅಡಗಿಸಲು ಸರೋವರದ ಒಣತಳಕ್ಕೆ ನೀರು ಬಿಡುವುದು, ಜಲ್ಲಿ ಹಾಸುವುದು, ಹುಲ್ಲು ಬೆಳೆಸುವುದು ಎಂದು ನಗರ ಈವರೆಗೆ 200 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ನೀರು ಅಗ್ಗವಾಗಿ ಸಿಕ್ಕಿತು ಎಂದುಕೊಂಡವರ ಮೊಮ್ಮಕ್ಕಳು ಆ ಬಿಲ್ಲು ಕಟ್ಟುತ್ತಿದ್ದಾರೆ.

ಪ್ರಕರಣದ ಇನ್ನೊಂದು ಪದರವನ್ನು ತೆಗೆಯದಿದ್ದರೆ ಕಣಿವೆಯ ರೈತರ ಬಗ್ಗೆಯೂ ಅನ್ಯಾಯದ ಕನಿಕರ ತೋರಿಸಿದಂತೆ. ಆ ಕಣಿವೆಯಲ್ಲಿ ಮೊದಲು ಕಾಲುವೆ ತೋಡಿದವರು ಬಿಳಿಯ ರೈತರಲ್ಲ, ಪೈಯೂಟ್ ಬುಡಕಟ್ಟಿನವರು. ತೊರೆಗಳಿಗೆ ಸಣ್ಣ ಒಡ್ಡು ಕಟ್ಟಿ, ತಿನ್ನುವ ಗೆಡ್ಡೆಗಳು ಬೆಳೆಯುವ ಬಯಲಿಗೆ ಅವರು ನೀರು ಹಾಯಿಸುತ್ತಿದ್ದರು. 1863ರಲ್ಲಿ ಸೈನ್ಯ ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಜನರನ್ನು ಕಣಿವೆಯಿಂದ ದಕ್ಷಿಣದ ಫೋರ್ಟ್ ಟೆಹೋನ್‌ಗೆ ನಡೆಸಿಕೊಂಡು ಹೋಯಿತು. 1905ರಲ್ಲಿ ಈಟನ್‌ಗೆ ನೀರು ಮಾರಿದವರ ಹಕ್ಕು ಹುಟ್ಟಿದ್ದು ಆ ನಡಿಗೆಯ ನಂತರ. 1939ರಲ್ಲಿ ನಗರಕ್ಕೂ ಕೇಂದ್ರ ಸರ್ಕಾರಕ್ಕೂ ಜಮೀನಿನ ಅದಲುಬದಲಾಯಿತು. ಪೈಯೂಟರಿಗೆಂದು ಇಟ್ಟಿದ್ದ 2,900 ಎಕರೆಯಷ್ಟು ಭೂಮಿ ನಗರಕ್ಕೆ ಹೋಗಿ, ಅದಕ್ಕೆ ಪ್ರತಿಯಾಗಿ 1,400 ಎಕರೆಗೂ ಕಡಿಮೆ ಬಂತು. ನೀರಿನ ಹಕ್ಕು ಆ ಪತ್ರದಲ್ಲಿ ಸೇರಲಿಲ್ಲ, ಏಕೆಂದರೆ ನೀರಿನ ಹಕ್ಕು ಬಿಟ್ಟುಕೊಡಲು ನಗರದ ಮೂರನೇ ಎರಡು ಭಾಗ ಮತದಾರರ ಒಪ್ಪಿಗೆ ಬೇಕು ಎಂಬ ನಿಯಮವಿತ್ತು. ನಗರ ತನ್ನ ನೀರು ಮಾರುವಾಗ ಊರಿನವರನ್ನೆಲ್ಲ ಕೇಳಬೇಕು. ಹಳ್ಳಿಯವನ ನೀರು ಕೊಳ್ಳುವಾಗ ಅವನೊಬ್ಬನನ್ನು ಕೇಳಿದರೆ ಸಾಕು. ಪ್ರಕರಣದ ಉದ್ದಕ್ಕೂ ಇಷ್ಟು ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ. ನೀರು ಒಬ್ಬನ ರುಜುವಿಗೆ ಸೇರಿದ್ದಲ್ಲ ಎಂದು ನಗರಕ್ಕೆ ಚೆನ್ನಾಗಿ ಗೊತ್ತಿತ್ತು.

ಈ ಪ್ರಕರಣದ ಒಂದು ಎಳೆ ನಮ್ಮ ದೇಶದ ನ್ಯಾಯಾಲಯಗಳವರೆಗೆ ಬಂದಿದೆ. ಲಾಸ್ ಏಂಜಲೀಸ್ 1941ರಿಂದ ಇನ್ನೂ ಉತ್ತರಕ್ಕೆ ಹೋಗಿ ಮೋನೊ ಸರೋವರದ ತೊರೆಗಳನ್ನೂ ತಿರುಗಿಸಿಕೊಂಡಿತು. ಸರೋವರ ಇಳಿದು ಇಳಿದು ಹೋದಾಗ ಪರಿಸರವಾದಿಗಳು ದಾವೆ ಹಾಕಿದರು. 1983ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಅಂಥ ನೀರಿಗೆ ಸರ್ಕಾರ ಜನರ ಪರವಾದ ಧರ್ಮದರ್ಶಿ ಇದ್ದ ಹಾಗೆ, ಒಮ್ಮೆ ಕೊಟ್ಟ ಹಕ್ಕನ್ನೂ ಮತ್ತೆ ಪರಿಶೀಲಿಸಬಹುದು ಎಂದು ಹೇಳಿತು. ನಮ್ಮ ಸುಪ್ರೀಂ ಕೋರ್ಟ್ ಬಿಯಾಸ್ ನದಿಯ ದಂಡೆಯ ಹೋಟೆಲೊಂದರ ಬಗೆಗಿನ ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಪ್ರಕರಣದಲ್ಲಿ ಆ ತೀರ್ಪನ್ನು ಉದ್ಧರಿಸಿ, ಈ ತತ್ತ್ವ ಭಾರತದ ಕಾನೂನಿನ ಭಾಗ ಎಂದು ಸಾರಿತು. ಕೇರಳದ ಪ್ಲಾಚಿಮಡದಲ್ಲಿ ಕೋಕಾ-ಕೋಲಾ ಗದ್ದೆಬಯಲು ಕೊಂಡು ಕಾರ್ಖಾನೆ ಕಟ್ಟಿ ಅಂತರ್ಜಲ ಎತ್ತಿದಾಗ, ಮಯಿಲಮ್ಮ ಎಂಬ ಆದಿವಾಸಿ ಹೆಂಗಸು ಮುಂದೆ ನಿಂತು ನಡೆಸಿದ ಹೋರಾಟ ಹೈಕೋರ್ಟ್ ಮುಟ್ಟಿತು. 2003ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಇದೇ ತತ್ತ್ವವನ್ನು ಅಂತರ್ಜಲಕ್ಕೂ ಅನ್ವಯಿಸಿತು: ಜಮೀನು ಕಂಪನಿಯದ್ದೇ ಇರಬಹುದು, ಕೆಳಗಿನ ನೀರನ್ನು ಮಿತಿಮೀರಿ ಎತ್ತುವ ಹಕ್ಕು ಅದರೊಂದಿಗೆ ಬರುವುದಿಲ್ಲ. 2005ರಲ್ಲಿ ದ್ವಿಸದಸ್ಯ ಪೀಠ ಇದನ್ನು ಒಪ್ಪದೆ, ದಿನಕ್ಕೆ 5 ಲಕ್ಷ ಲೀಟರ್‌ವರೆಗೆ ಎತ್ತಬಹುದು ಎಂದಿತು. ಅಷ್ಟರಲ್ಲಿ ಕಾರ್ಖಾನೆ ನಿಂತುಹೋಗಿತ್ತು.

ನ್ಯಾಯಾಲಯಗಳೇ ಹೀಗೆ ತೂಗಾಡಲು ಕಾರಣ ಹಳೆಯ ಕಾನೂನು. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಒಂದು ಉದಾಹರಣೆಯ ಪ್ರಕಾರ, ನೆಲದಡಿಯಲ್ಲಿ ಗೊತ್ತಾದ ಹರಿವಿಲ್ಲದ ನೀರನ್ನು ಜಮೀನಿನ ಒಡೆಯ ತನ್ನ ಎಲ್ಲೆಯೊಳಗೆ ಎತ್ತಿ ಮನಬಂದಂತೆ ಬಳಸಬಹುದು. ನಮ್ಮ ಕನ್ನಡ ಕ್ರಯಪತ್ರಗಳೂ ಅದೇ ಧಾಟಿಯವು. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮೊದಲಾದ ಅಷ್ಟಭೋಗ ತೇಜಸ್ವಾಮ್ಯಗಳನ್ನು ಇಂದಿನಿಂದ ನೀವೇ ಅನುಭವಿಸಿಕೊಂಡು ಬರತಕ್ಕದ್ದು ಎಂದು ಪತ್ರಬರಹಗಾರರು ಇಂದಿಗೂ ಬರೆಯುತ್ತಾರೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಗಂಧದ ಮರ ಕಡಿಯಲು ಅರಣ್ಯ ಇಲಾಖೆಯನ್ನು ಕೇಳಬೇಕು, ಕಲ್ಲು ತೆಗೆಯಲು ಗಣಿ ಇಲಾಖೆಯ ಪರವಾನಗಿ ಬೇಕು. ಪಟ್ಟಿಯಲ್ಲಿ ಹೆಚ್ಚುಕಡಿಮೆ ಬರೆದ ಹಾಗೆಯೇ ಕೈಗೆ ಬರುವುದು ಜಲ ಒಂದೇ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರು ಕೊರೆಸಲು ಅನುಮತಿ ಪಡೆಯಬೇಕು ಎನ್ನುತ್ತದೆ. ರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುವ ರಿಗ್ ಲಾರಿಗೆ ಅದು ಎಷ್ಟು ಅಡ್ಡಬಂದಿದೆ ಎಂದು ಹಳ್ಳಿಯವರಿಗೆ ಗೊತ್ತು.

ನಮ್ಮ ನೆಲದ ಸ್ವಭಾವವೂ ಪೂರಾ ಒಡೆತನದ ವಾದಕ್ಕೆ ಒಗ್ಗುವುದಿಲ್ಲ. ಬಯಲುಸೀಮೆಯ ತಳ ಗಟ್ಟಿಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ, ಆ ಬಿರುಕುಗಳಿಗೆ ಸರ್ವೆ ಕಲ್ಲಿನ ಪರಿಚಯವಿಲ್ಲ. ಒಬ್ಬ ಸಾವಿರ ಅಡಿಗೆ ಇಳಿದು ಮೂರು ಇಂಚು ನೀರು ತೆಗೆದರೆ, ಪಕ್ಕದವನ ನಾನೂರು ಅಡಿ ಬೋರು ಗಾಳಿ ಕಕ್ಕುತ್ತದೆ. ಬೆಂಗಳೂರಿನ ಸುತ್ತಲ ಒಂದು ಊರಿನಲ್ಲಿ ಇಂಥ ಮಾತು ನಡೆಯಿತೆಂದು ಊಹಿಸಿಕೊಳ್ಳಿ.

"ಏನಣ್ಣ, ತೋಟ ಕೊಟ್ಬಿಟ್ಯಂತೆ?"

"ಕೊಟ್ಟೆ ಕಣಪ್ಪ. ತೆಂಗಿಗೆ ರೋಗ, ಆಳು ಸಿಕ್ಕಲ್ಲ, ಹುಡುಗ್ರು ಬರಲ್ಲ. ಒಳ್ಳೆ ರೇಟು ಬಂತು."

"ತಗೊಂಡೋರು ಏನ್ ಬೆಳೀತಾರಂತೆ?"

"ಬೆಳೆಯೋದೇನು ಬಂತು? ನಾಲ್ಕು ಬೋರು ಹಾಕಿ ಟ್ಯಾಂಕರ್ ತುಂಬಿಸ್ತಾರಂತೆ."

"ಹಂಗಾದ್ರೆ ನನ್ ಬೋರು?"

ಅಣ್ಣನ ಬಳಿ ಉತ್ತರವಿಲ್ಲ. ಅವನು ಕೆಟ್ಟವನಲ್ಲ. ಅವನ ಕ್ರಯಪತ್ರದಲ್ಲಿ ತಮ್ಮನಂಥ ನೆರೆಯವನ ಬೋರಿನ ಮಾತು ಬರೆಯಲು ಜಾಗವೇ ಇರಲಿಲ್ಲ, ಅಷ್ಟೆ. ಇದೇ ನಾಡಿನಲ್ಲಿ ಅವಿಭಕ್ತ ಕುಟುಂಬದ ಜಮೀನನ್ನು ಒಬ್ಬ ಅಣ್ಣ ಮಾರಹೋದರೆ ವಂಶವೃಕ್ಷ ತಾ ಎನ್ನುತ್ತಾರೆ, ತಮ್ಮಂದಿರ, ಹೆಣ್ಣುಮಕ್ಕಳ ರುಜು ಎಲ್ಲಿ ಎನ್ನುತ್ತಾರೆ. ಒಬ್ಬರ ರುಜು ತಪ್ಪಿದರೂ ಖರೀದಿದಾರ ಹಿಂದೆ ಸರಿಯುತ್ತಾನೆ. ಒಂದೇ ಬಂಡೆಯ ಬಿರುಕಿನಿಂದ ಕುಡಿಯುವ ಹತ್ತು ಮನೆಯವರು ನೀರಿನ ಮಟ್ಟಿಗೆ ಹಿಸ್ಸೆದಾರರೇ. ಅವರ ವಂಶವೃಕ್ಷವನ್ನು ಯಾರೂ ಕೇಳುವುದಿಲ್ಲ.

2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದ ಮೇಲೆ, ಬೇಸಾಯ ಗೊತ್ತಿಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಅದರ ಸಾಧಕ ಬಾಧಕ ಬೇರೆ ಚರ್ಚೆ. ನೀರಿನ ಮಟ್ಟಿಗೆ ಹೇಳುವುದಾದರೆ, ಬೆಳೆ ಬೆಳೆಯುವ ಉದ್ದೇಶವೇ ಇಲ್ಲದವನ ಕೈಗೂ ಅಷ್ಟಭೋಗದ ಜಲ ಈಗ ಸಲೀಸಾಗಿ ಹೋಗುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿದಾಗ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತುಮಾಡಿತು: 5 ಕಿ.ಮೀ. ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ. ಟ್ಯಾಂಕರ್ ಮಾಲೀಕ ಎಷ್ಟು ತೆಗೆದುಕೊಳ್ಳಬೇಕು ಎಂಬುದು ತೀರ್ಮಾನವಾಯಿತು, ಕೊಳ್ಳುವವನಿಗೆ ನ್ಯಾಯ ಸಿಕ್ಕಿತು. ಆ ನೀರು ಎತ್ತಿದ ಊರಿನ ನೆರೆಹೊರೆಯವರಿಗೆ ಆ ಸಾವಿರದಲ್ಲಿ ಎಷ್ಟು ಎಂಬ ಪ್ರಶ್ನೆ ಆ ದರಪಟ್ಟಿಯಲ್ಲಿ ಇರಲಿಲ್ಲ. ಇನ್ನೊಂದು ಮಾತು: 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುವುದು ಬೆಳೆಗೆ. ಆ ವಿದ್ಯುತ್ತಿನಲ್ಲಿ ಟ್ಯಾಂಕರ್ ತುಂಬಿಸಿದರೆ ನೆರೆಯವನ ನೀರು ಹೋದ ಮೇಲೆ ಅವನ ತೆರಿಗೆಯೂ ಅದರ ಹಿಂದೆ ಹೋಯಿತು.

ಹಾಗೆಂದು ನೀರು ಹಳ್ಳಿಯಿಂದ ಪಟ್ಟಣಕ್ಕೆ ಹೋಗಲೇಬಾರದು ಎಂದು ನಾನು ಹೇಳಲಾರೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಕೂಡ ದೂರದ ನೀರೇ. ಇಂದು ಸುಮಾರು 38 ಲಕ್ಷ ಜನ ಬದುಕುವ ಲಾಸ್ ಏಂಜಲೀಸನ್ನು ಬಾಯಾರಿಸಿ ಸೇಬಿನ ತೋಟ ಉಳಿಸಬೇಕಿತ್ತು ಎನ್ನುವುದು ನೀತಿಯಲ್ಲ, ಮೊಂಡುತನ. ರೂಸ್‌ವೆಲ್ಟರ ಲೆಕ್ಕ ಕೂಡಿಸುವಲ್ಲಿ ತಪ್ಪಿರಲಿಲ್ಲ. ಬಹುಜನರಿಗೆ ಹಿತ ಎಂದು ಒಪ್ಪಿಕೊಂಡ ಮೇಲೆ, ಆ ಹಿತಕ್ಕಾಗಿ ಕಳೆದುಕೊಳ್ಳುವ ಅಲ್ಪಜನರಿಗೆ ಬಹುಜನ ಏನು ಕೊಡಬೇಕು ಎಂಬ ಎರಡನೆಯ ಸಾಲನ್ನು ಬರೆಯದೆ ಬಿಟ್ಟದ್ದು ತಪ್ಪು.

ನನ್ನ ತೀರ್ಪು ಹೀಗೆ. ಮಾರಿದ ರೈತನ ಪಾಲಿನ ದೋಷ ಎಲ್ಲಕ್ಕಿಂತ ಕಡಿಮೆ. ಅವನು ಕೊಳ್ಳುವವನ ಉದ್ದೇಶವನ್ನು ಕೇಳಲಿಲ್ಲ, ನೆರೆಯವನಿಗೆ ಮೊದಲೇ ಹೇಳಲಿಲ್ಲ. ಲಿಪಿನ್‌ಕಾಟ್ ಮತ್ತು ಈಟನ್‌ರ ದೋಷ ದೊಡ್ಡದು. ಉದ್ದೇಶ ಮುಚ್ಚಿಟ್ಟು ಪಡೆದ ಒಪ್ಪಿಗೆ ಅರ್ಧ ಒಪ್ಪಿಗೆಯೂ ಅಲ್ಲ. ಎಲ್ಲಕ್ಕಿಂತ ದೊಡ್ಡ ದೋಷ ನಗರದ್ದು. ಮಣೆಯ ಮೇಲೆ ಯಾವ ಮನೆ ಬಿಟ್ಟರೆ ಯಾವುದು ತಾನಾಗಿ ಬೀಳುತ್ತದೆ ಎಂದು ಲೆಕ್ಕ ಹಾಕುವಷ್ಟು ಅದಕ್ಕೆ ಬುದ್ಧಿಯಿತ್ತು, ಬಿದ್ದವನಿಗೆ ಕೈ ಕೊಡುವಷ್ಟು ಹಣವೂ ಇತ್ತು. ಕೊನೆಗೆ ಅದು ನೀರಿನ ಮಿತಿ ಒಪ್ಪಿತು, 2006ರಲ್ಲಿ ಕೆಳಗಣ ಓವೆನ್ಸ್ ನದಿಯ 62 ಮೈಲಿಗೆ ನೀರನ್ನೂ ಮತ್ತೆ ಬಿಟ್ಟಿತು. ಕೋರ್ಟು ಹೇಳಿದ ಮೇಲೆ ಮಾಡಿದ್ದನ್ನೆಲ್ಲ ಮೊದಲೇ ಮಾಡಬಹುದಿತ್ತು.

ನಮಗೆ ಅಷ್ಟು ವರ್ಷ ಕಾಯುವ ಅಗತ್ಯವಿಲ್ಲ. ಹಳ್ಳಿಯ ಜಮೀನಿನಿಂದ ನೀರನ್ನು ಮಾರಾಟಕ್ಕೆ ಎತ್ತುವ ಪ್ರತಿಯೊಂದು ವ್ಯವಹಾರವೂ ಗ್ರಾಮಸಭೆಯ ಮುಂದೆ ಬರಲಿ. ಎಷ್ಟು ಎತ್ತುತ್ತೀರಿ, ಎಷ್ಟು ದಿನ, ಯಾವ ಮಟ್ಟಕ್ಕೆ ಇಳಿದರೆ ನಿಲ್ಲಿಸುತ್ತೀರಿ, ಸುತ್ತಲಿನ ಬೋರು ಬತ್ತಿದರೆ ಏನು ಕೊಡುತ್ತೀರಿ ಎಂದು ಕೇಳಿ ದಾಖಲಿಸಲಿ. ಟ್ಯಾಂಕರಿಗೆ ಫೋನ್ ಮಾಡುವ ಅಪಾರ್ಟ್‌ಮೆಂಟ್ ಸಂಘದವರು ದರ ಕೇಳುವಾಗಲೇ ನೀರು ಯಾವ ಊರಿನದು ಎಂದೂ ಕೇಳಲಿ. ತೋಟ ಕೊಳ್ಳಲು ಹೊರಟವರು ಪಹಣಿ, ಮ್ಯುಟೇಷನ್ ನೋಡಿದಷ್ಟೇ ಜಾಗ್ರತೆಯಿಂದ ಪಕ್ಕದ ಜಮೀನಿನವನನ್ನು ಮಾತಾಡಿಸಲಿ. ಅವನು ಬೇಡ ಎಂದರೆ ಕಾನೂನು ನಿಮ್ಮನ್ನು ತಡೆಯುವುದಿಲ್ಲ. ಕೇಳದೆ ಕೊಂಡರೆ ಮಾತ್ರ, ಪತ್ರ ಎಷ್ಟೇ ಗಟ್ಟಿಯಾಗಿದ್ದರೂ, ನೀವು ಬೆಲೆ ಕೊಟ್ಟದ್ದು ಒಬ್ಬನಿಗೆ, ತೆಗೆದುಕೊಂಡದ್ದು ಹತ್ತು ಜನರದ್ದು.